ಹೊಳ್ಳಿ ಹಾಕಿದ ಥರ್ಮೋಸ್ಟಾಟ್

ಅಥವಾ ಅದು ಮಂಜೇ ಅಲ್ಲವೇನೋ. ಮದುವೆಗೆ ಹೊರಟ ಆ ದಿನ ಇಳಕಲ್ಲಿನಲ್ಲಿ ದಟ್ಟ ಮಂಜು ಬಿದ್ದಿತ್ತೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ‘ಮಂಜೂ ಇಲ್ಲ, ಏನೂ ಇಲ್ಲ. ಅದು ನಿಮ್ಮ ಕಾರಿನ ಹೊಗಿ’ ಎನ್ನುತ್ತಾಳೆ ಹೆಂಡತಿ ಶಾಂತಾ. ಹೇಳಿ ಹೇಳಿಯೇ ಖರೆ ಮಾಡಿಕೊಳ್ಳುವ ಚಟ ನನ್ನ ನೆನಪಿಗಿದೆ. ಓದುಗರು ಥಂಡಿಯನ್ನಷ್ಟು ನಂಬಿದರೆ ಸಾಕು. ಥಂಡಿ ಇತ್ತು.

ಕಾರು ಹಳೇ ಅಂಬಾಸಿಡರ್. ಬೇಸಿಗೆಯಲ್ಲಿ ಇಂಜಿನ್ ಕುದಿಯಬಾರದೆಂದು ಮಿಸ್ತ್ರಿ ರಾಜಾಸಾಬನ ಮುಂದೆ ನಿಂತು ಅದರ ಥರ್ಮೋಸ್ಟಾಟ್ ತೆಗೆಸಿದ್ದೆ. ಅದು ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕೂತ, ಚಹಾದ ಬಶಿಗಿಂತ ಸಣ್ಣದೊಂದು ಬಾಗಿಲು. ನೀರು ಬಿಸಿಯಾಗುವವರೆಗೆ ಮುಚ್ಚಿರುತ್ತದೆ, ಬಿಸಿಯಾದ ಮೇಲೆ ತೆರೆಯುತ್ತದೆ. ಅದಿಲ್ಲದೆ ಬೇಸಿಗೆ ಸುಖವಾಗಿ ಕಳೆಯಿತು. ಛಟ್ಟಿ ಅಮಾಸಿ ಮುಗಿದು ಚಳಿ ಬಿದ್ದದ್ದೇ ತಡ, ಇಂಜಿನ್ ಬಿಸಿಯಾಗುವುದನ್ನೇ ಬಿಟ್ಟಿತು. ಚೋಕ್ ಎಳೆದರೆ ಕಪ್ಪು ಹೊಗೆ, ಬಿಟ್ಟರೆ ಬಂದ್!

ಅಂಥದರಲ್ಲಿ ಶಿವಯೋಗ ಮಂದಿರದಲ್ಲಿ ಶಾಂತಾಳ ಅಣ್ಣನ ಮಗಳ ಮದುವೆ. ಹತ್ತೂವರೆಗೆ ಅಕ್ಕಿಕಾಳಿನ ಮುಹೂರ್ತ. ಆಗ ಮದುಮಗಳು ಉಡಬೇಕಾದದ್ದು ಸೋದರತ್ತೆ ಶಾಂತಾ ಒಯ್ಯುವ ಇಳಕಲ್ ಸೀರೆ.

‘ಬಸ್ಸಿಗೆ ಹೋಗೂಣ್ರಿ’ ಎಂದಳು.

‘ಮನ್ಯಾಗ ಕಾರ್ ಇಟ್ಕೊಂಡು?’ ಎಂದೆ.

ಮದುವೆಯ ಹಿಂದಿನ ದಿನ, ಬಾಗಲಕೋಟೆಗೆ ಹೋಗಿದ್ದ ರಾಜಾಸಾಬನಿಗೆ ಫೋನ್ ಮಾಡಿದೆ.

‘ಥಂಡ್ಯಾಗ ಅದು ಬೇಕಾಕ್ಕೈತ್ರಿ ಮಾಸ್ತರ. ಮ್ಯಾಲಿನ ನಟ್ ಬಿಚ್ಚಿ ಹೊಳ್ಳಿ ಹಾಕಿಬಿಡ್ರಿ, ಮುಗೀತು.’

ಬಿಚ್ಚಿದೆ. ಹೊಳ್ಳಿಸಿದೆ. ಹಾಕಿದೆ! ತೆಗೆದಾಗ ಸ್ಪ್ರಿಂಗ್ ಕೆಳಗಿತ್ತೆಂದು ಸ್ಪಷ್ಟ ನೆನಪಿತ್ತು. ಈ ಕತೆಯಲ್ಲಿ ನನಗೆ ಸರಿಯಾಗಿ ನೆನಪಿದ್ದದ್ದು ಅದೊಂದೇ. ಮಿಸ್ತ್ರಿ ‘ಹೊಳ್ಳಿ’ ಅಂದನಲ್ಲ ಎಂದು ಅದನ್ನೇ ನಂಬದೆ ಸ್ಪ್ರಿಂಗ್ ಮೇಲೆ ಮಾಡಿ ಕೂರಿಸಿದೆ.

ಮದುವೆಯ ದಿನ ಇಂಜಿನ್ ಐದೇ ನಿಮಿಷದಲ್ಲಿ ಬಿಸಿಯಾಯಿತು. ಸದರಿ ಯಶಸ್ಸಿಗಾಗಿ ನನ್ನನ್ನು ನಾನೇ ಅಭಿನಂದಿಸಿಕೊಂಡೆ. ಹುನಗುಂದ ಬರುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೊನೆ ಮುಟ್ಟಿತ್ತು. ಅಭಿನಂದನೆ ಜಾಸ್ತಿಯಾಯಿತೇನೋ ಎಂದುಕೊಂಡು ಊರು ದಾಟಿದೆ. ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಹಬೆ ಎದ್ದಿತು.

‘ಇಡ್ಲಿ ಬೆಂದಾವು, ಇಳಸ್ರಿ’ ಎಂದಳು ಶಾಂತಾ.

ಇಳಿದು ರೇಡಿಯೇಟರ್ ಮುಟ್ಟಿದೆ. ತಣ್ಣಗಿತ್ತು! ಇಂಜಿನ್ ಕುದಿಯುತ್ತಿತ್ತು. ಮತ್ತೆ ಫೋನ್.

‘ಸ್ಪ್ರಿಂಗ್ ಯಾವ ಕಡೆ ಐತ್ರಿ?’

‘ಮ್ಯಾಲೆ. ಹೊಳ್ಳಿ ಹಾಕು ಅಂದಿಲ್ಲೋ?’

‘ಹೊಳ್ಳಿ ಅಂದ್ರ ತಿರಗಿ ಹಾಕ್ರಿ ಅಂತ!’

‘ತಿರುಗಿಸೇ ಹಾಕೇನಲ್ಲೋ!’

‘ಯಪ್ಪಾ! ಮತ್ತ ಹಾಕ್ರಿ ಅಂತ್ರೀ! ಸ್ಪ್ರಿಂಗಿಗೆ ಇಂಜಿನ್ನಿನ ಬಿಸಿನೀರು ತಾಗಿದ್ರ ಬಾಗಲಾ ತಗೀತೈತಿ. ಎಲ್ಲಾ ಆರೂ ತನ ಮುಟ್ಟಬ್ಯಾಡ್ರಿ ಮತ್ತ!’

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ನಾನಾರ್ಥ ಪದಗಳಿಗೆ ಅಂಕ ಕೊಟ್ಟವನು!

ಗಂಟೆ ಒಂಬತ್ತು. ಶಾಂತಾ ನನ್ನನ್ನು ನೋಡಲಿಲ್ಲ, ರಸ್ತೆ ನೋಡಿದಳು. ಬಾದಾಮಿ ಕಡೆ ಹೊರಟಿದ್ದ ಗ್ರಾನೈಟ್ ಲಾರಿಗೆ ಕೈ ಮಾಡಿದಳು.

‘ಹತ್ರಿ ಅಕ್ಕಾರ’ ಎಂದ ಚಾಲಕ. ‘ಯಜಮಾನ್ರು?’

‘ಅವ್ರು ಆರೂ ತನ ಕುಂದರ್ತಾರ’ ಎಂದಳು. ಸೀರೆ ತೊಡೆಯ ಮೇಲಿಟ್ಟುಕೊಂಡು ಹೊರಟೇ ಹೋದಳು.

ಇಂಜಿನ್ ಆರಿತು. ಸ್ಪ್ರಿಂಗನ್ನು ಕೆಳಗೆ ಮಾಡಿ ಕೂರಿಸಿದೆ, ನೀರು ತುಂಬಿದೆ. ಅಷ್ಟರಲ್ಲಿ ಶಿವಯೋಗ ಮಂದಿರದಲ್ಲಿ ಊಟವೂ ಮುಗಿದಿತ್ತು. ಸೀರೆ ಅಕ್ಕಿಕಾಳಿಗೆ ಹತ್ತು ನಿಮಿಷ ಮೊದಲೇ ಮುಟ್ಟಿತಂತೆ. ಮದುಮಗಳು ಅದನ್ನು ಉಟ್ಟು ನಿಂತ ಫೋಟೋ ನೋಡಿದ್ದೇನೆ. ಚೆನ್ನಾಗಿದೆ.

‘ಅಲ್ಲೆ ಯಾರರೆ ನನ್ನ ಕೇಳಿದ್ರೇನು?’ ಎಂದೆ ಶಾಂತಾಳನ್ನು.

‘ಕೇಳಿದ್ರು.’

‘ಏನಂತ?’

‘ಲಾರಿ ಡ್ರೈವರ್‌ನ ಊಟಕ್ಕ ಯಾಕ ಕರೀಲಿಲ್ಲ ಅಂತ.’

ಅವರು ಕೇಳಿದ್ದು ಡ್ರೈವರನನ್ನು; ಅದರಲ್ಲಿ ನನ್ನ ವಿಚಾರ ಎಲ್ಲಿ ಬಂತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.