ಸಭೆಯ ಮುನ್ನಾದಿನವೇ ಊದಿಕೊಳ್ಳುವ ನನ್ನ ಟಾನ್ಸಿಲ್‌ಗಳಿಗೆ

ಮಾನ್ಯ ಎಡ ಟಾನ್ಸಿಲ್ ಅವರೇ, ಮಾನ್ಯ ಬಲ ಟಾನ್ಸಿಲ್ ಅವರೇ,

ನನ್ನ ಗಂಟಲಿನ ಹೆಬ್ಬಾಗಿಲಲ್ಲಿ ಹುಟ್ಟಿನಿಂದ ನೆಲೆಸಿ, ರೋಗಾಣುಗಳನ್ನು ತಡೆಯುವ ಕಾವಲುಗಾರರೆಂದು ಪುಸ್ತಕಗಳಲ್ಲಿ ಹೆಸರು ಮಾಡಿರುವ ತಮಗೆ ಬಳ್ಳಾರಿ ಕಂಟೋನ್ಮೆಂಟಿನಿಂದ ಮೌನ ನಮಸ್ಕಾರಗಳು. ಮೌನವೇಕೆಂದು ತಮಗೆ ಗೊತ್ತೇ ಇದೆ.

ಕಳೆದ ತಿಂಗಳು ತಾವು ಕೆಂಪಾಗಿ, ಬಿಳಿ ಚುಕ್ಕೆಗಳಿಂದ ಅಲಂಕೃತರಾಗಿದ್ದಾಗ ಡಾಕ್ಟರ್ ಶಶಿರೇಖಾ ಟಾರ್ಚ್ ಬಿಟ್ಟು ನೋಡಿ, ಗಂಟಲ ದ್ರವ ಪರೀಕ್ಷೆ ಮಾಡಿಸಿ, ಇದು ಬ್ಯಾಕ್ಟೀರಿಯಾದ್ದೇ ಎಂದು ಮಾತ್ರೆ ಬರೆದರು. "ಆರಾಮ ಅನಿಸಿದ್ರೂ ಬಿಡಬ್ಯಾಡ್ರಿ, ಪೂರಾ ಮುಗಿಸ್ರಿ" ಎಂದೂ ಹೇಳಿದ್ದರು. ಆದರೆ ಜ್ವರ ಇಳಿದ ಮೇಲೂ ಮಾತ್ರೆ ನುಂಗುವುದು ಅತಿಥಿ ಎದ್ದುಹೋದ ಎಲೆಗೆ ಅನ್ನ ಬಡಿಸಿದಂತೆ ಎಂದು ನಾನೇ ನಿಲ್ಲಿಸಿದೆ. ಅತಿಥಿ ಪಡಸಾಲೆಯಲ್ಲೇ ಅಡಗಿರುವುದನ್ನು ತಾವಾದರೂ ತಿಳಿಸಬಹುದಿತ್ತು.

ನಮ್ಮ ಬೀದಿಯ ಬಾಯ್ದೆರೆದ ಚರಂಡಿಗೆ ಕಲ್ಲು ಹಾಸಿಸಿರೆಂದು ವಾರ್ಡಿನ ಕುಂದುಕೊರತೆ ಸಭೆಯಲ್ಲಿ ಕೇಳಲು ನನಗೆ ಕೊನೆಗೂ ಅವಕಾಶ ಸಿಕ್ಕಿತ್ತು. ಅದರ ಮುನ್ನಾದಿನವೇ ತಾವು ಮತ್ತೆ ಊದಿಕೊಂಡಿರಿ. ಹೈಸ್ಕೂಲಿನ ಚರ್ಚಾಸ್ಪರ್ಧೆಯ ಮುನ್ನಾದಿನವೂ ಹೀಗೇ ಮಾಡಿದ್ದನ್ನು ನಾನು ಮರೆತಿಲ್ಲ. ಆಡಳಿತದ ಮೇಲೆ ತಮಗಿರುವಷ್ಟು ನಿಷ್ಠೆ ಯಾವ ಗುಮಾಸ್ತನಿಗೂ ಇರಲಾರದು.

ಪತ್ನಿ ಸುವರ್ಣಮ್ಮ ಇದು ಕಿರುನಾಲಿಗೆ ಬಿದ್ದದ್ದೇ ಎಂದು ತೀರ್ಮಾನಿಸಿ, ನೆತ್ತಿಯ ಕೂದಲು ಜಗ್ಗಿ ಅದನ್ನು ಮೇಲೆತ್ತುವ ಕುರುಗೋಡಿನ ಮಾರೆಣ್ಣನ ಬಳಿಗೆ ನನ್ನನ್ನು ಬಸ್ಸು ಹತ್ತಿಸಿದಳು. ಮಾರೆಣ್ಣ ನನ್ನ ನುಣ್ಣನೆಯ ನೆತ್ತಿ ಸವರಿ, "ಹಿಡಿಯಾಕ ಏನೂ ಇಲ್ಲಲ್ರಿ ಯಜಮಾನ್ರೆ! ಸಂಬಂಧಿಕರ ಕೂದ್ಲಾದ್ರೂ ನಡಿತೈತಿ" ಎಂದ. ಜೊತೆಗೆ ಬಂದಿದ್ದ, ಸಿರುಗುಪ್ಪದ ನನ್ನ ಭಾವಮೈದುನ ಎರ್ರಣ್ಣನ ಜುಟ್ಟು ಹಿಡಿದು ಜಗ್ಗಲಾಯಿತು. ಅಂದಿನಿಂದ ಅವನ ಗಂಟಲು ಗಂಟೆಯಂತಿದೆ.

ಅಂಥ ಗಂಟಲು ವ್ಯರ್ಥವಾಗಬಾರದೆಂದು ಸುವರ್ಣಮ್ಮ ನನ್ನ ಬದಲಿಗೆ ಅವನನ್ನೇ ಸಭೆಗೆ ಕಳಿಸಿದಳು. ಅವನು ಎದ್ದು ನಿಂತು, "ಚರಂಡಿ ಭಾರಿ ಐತ್ರಿ ಸಾಹೇಬ್ರೆ! ಇಷ್ಟು ಅಗಲದ್ದು ನಮ್ಮ ಸಿರುಗುಪ್ಪದಾಗ ಇಲ್ರಿ!" ಎಂದ. ಅಧಿಕಾರಿಗಳು ಚಪ್ಪಾಳೆ ತಟ್ಟಿ, ಬೀದಿಯವರು ಸಂತುಷ್ಟರೆಂದು ಬರೆದುಕೊಂಡು, ವಿಷಯ ಮುಗಿಸಿದರು. ಹಿಂದಿನ ಸಾಲಿನಲ್ಲಿದ್ದ ನಾನು ಕೈಕಾಲು ಆಡಿಸಿ ತೋರಿಸಿದ ಪ್ರತಿಭಟನೆಯನ್ನು ಹರ್ಷವೆಂದು ದಾಖಲಿಸಲಾಗಿದೆ.

ಆದ್ದರಿಂದ ಮುಂದಿನ ಸಭೆಯ ದಿನ ತಾವಿಬ್ಬರೂ ಎರ್ರಣ್ಣನ ಗಂಟಲಿಗೆ ನಿಯೋಜನೆಯ ಮೇಲೆ ತೆರಳಬೇಕಾಗಿ ವಿನಂತಿ. ಒಪ್ಪದಿದ್ದರೆ, ಡಾಕ್ಟರ್ ಮತ್ತೆ ಬರೆದುಕೊಟ್ಟ ಹೊಸ ಮಾತ್ರೆಗಳು ಈ ಸಲ ಸುವರ್ಣಮ್ಮನ ವಶದಲ್ಲಿವೆಯೆಂಬುದು ತಮ್ಮ ಗಮನದಲ್ಲಿರಲಿ. ಕೊನೆಯದನ್ನು ನುಂಗುವವರೆಗೆ ಮನೆಯಲ್ಲಿ ಮಿರ್ಚಿ ಬಜ್ಜಿ ಕರಿಯುವಂತಿಲ್ಲ.

ಸನ್ನೆಯಲ್ಲೇ ಸಹಿ ಹಾಕುವ
ತಮ್ಮ ವಿಶ್ವಾಸಿ,
ಚನ್ನಬಸವರಾಜ

ತಾ.ಕ.: ನಿನ್ನೆ ಸಂಜೆ ಎರ್ರಣ್ಣ ಅದೇ ಚರಂಡಿಗೆ ಬಿದ್ದ. ಅವನ ಕೂಗು ಕೋಟೆಗುಡ್ಡದವರೆಗೂ ಕೇಳಿಸಿತಂತೆ. ನನಗೆ ಒಮ್ಮೆ ಬಾಯ್ತುಂಬ ನಗಬೇಕೆನಿಸಿತು; ತಾವು ಅದಕ್ಕೂ ಬಿಡಲಿಲ್ಲ.