ನಾಯಿಗೆ ಹೆಸರಿಡಲು ಹೋಗಿ…

"ಹೆಸರಿಡೋ ವಿಷಯ ನನಗೆ ಬಿಡ್ರಿ. ಅದ್ರಾಗೆ ಯಾರೂ ಬಾಯಿ ಹಾಕಂಗಿಲ್ಲ!" ಎಂದು ನಾನು ನಡುಮನೆಯಲ್ಲಿ ನಿಂತು ಘೋಷಿಸಿದೆ.

ಹಾಗೆ ಘೋಷಿಸುವ ಹಕ್ಕು ನನಗಿತ್ತು. ಚಿತ್ರದುರ್ಗದಲ್ಲಿ ನನ್ನದು ಬೋರ್ಡು ಬರೆಯುವ ಅಂಗಡಿ. ಮೊದಲು ಬಣ್ಣ, ಬ್ರಷ್ಷು; ಈಗ ಫ್ಲೆಕ್ಸು. ಬೋರ್ಡು ಮಾಡಿಸಲು ಬಂದವರು ಹೆಸರನ್ನೂ ನನ್ನಿಂದಲೇ ಕೇಳಿ ಪಡೆಯುತ್ತಾರೆ. ಹೊಸದುರ್ಗದ ಕ್ಷೌರದಂಗಡಿಗೆ 'ಕೇಶವ' ಎಂದು ಹೆಸರಿಟ್ಟವನು ನಾನು. ಹೊಳಲ್ಕೆರೆಯ ಚಪ್ಪಲಿ ಅಂಗಡಿಗೆ 'ಪಾದಪೂಜೆ' ಎಂದವನು ನಾನು. ಬೋರ್‌ವೆಲ್ ಲಾರಿಯೊಂದಕ್ಕೆ 'ಪಾತಾಳಗಂಗೆ' ಎಂದು ಬರೆದುಕೊಟ್ಟೆ. ಅದು ಕೊರೆದಲ್ಲೆಲ್ಲ ಬರೀ ಧೂಳೇ ಬಂದಿದ್ದರೆ ಅದು ಭೂಮಿಯ ತಪ್ಪು, ಹೆಸರಿನದಲ್ಲ. ನಾನಿಟ್ಟ ಹೆಸರಿಗೆ ಹೆಸರಿಡುವವರು ದುರ್ಗದಲ್ಲಿ ಇನ್ನೂ ಹುಟ್ಟಿಲ್ಲ!

ಅಂಥ ನನಗೆ ಒಂದು ನಾಯಿಗೆ ಹೆಸರಿಡುವುದು ಯಾವ ಮಹಾ ಕೆಲಸ?

ನಾಯಿ ಬಂದದ್ದು ಹಿರಿಯೂರಿನಿಂದ. ಅಲ್ಲಿ ಮಾಹೀರಾ ಎಂಬ ಹುಡುಗಿ ಇದ್ದಾಳೆ, ನಮ್ಮ ಮಗಳು ಪಲ್ಲವಿಯ ಕಾಲೇಜು ಗೆಳತಿ. ಗಾಯಗೊಂಡ ನಾಯಿ, ಬೆಕ್ಕುಗಳನ್ನು ತಂದು, ಆರೈಕೆ ಮಾಡಿ, ಅವಕ್ಕೊಂದು ಮನೆ ಹುಡುಕಿಕೊಡುವುದು ಅವಳು ತಾನಾಗಿ ಹಚ್ಚಿಕೊಂಡ ಕೆಲಸ. ಧರ್ಮಪುರದ ಕಡೆ ಕಡಲೆಕಾಯಿ ಹೊಲದ ಪಕ್ಕದ ಬತ್ತಿದ ಬಾವಿಯಲ್ಲಿ ಬಿದ್ದಿದ್ದ ಈ ನಾಯಿಯನ್ನು ಅವಳೇ ಜನ ಸೇರಿಸಿ ಎತ್ತಿಸಿದ್ದಳಂತೆ. ಮುರಿದ ಹಿಂಗಾಲು ಕೂಡಿಕೊಂಡಿತ್ತು, ಸ್ವಲ್ಪ ಕುಂಟು ಉಳಿದಿತ್ತು. ಬಣ್ಣ ಥೇಟ್ ಕಡಲೆಕಾಯಿ ಸಿಪ್ಪೆಯದು. ಒಂದು ಕಿವಿ ನೆಟ್ಟಗೆ ನಿಂತರೆ ಇನ್ನೊಂದು ಮಲಗಿರುತ್ತಿತ್ತು.

ನನ್ನ ಹೆಂಡತಿ ದಾಕ್ಷಾಯಿಣಿ ನಾಯಿ ನೋಡಲು ಹೊರಟಾಗಲೇ ಎಚ್ಚರಿಸಿದ್ದಳು: "ಸುಮ್ನೆ ನೋಡ್ಕಂಡು ಬರಾಣ, ಅಷ್ಟೇ. ನಾಯಿ ಗೀಯಿ ಮನಿಗೆ ತಂದ್ರೆ ನಾನು ತಾಳ್ಯಕ್ಕೆ ಹೋಗ್ತೀನಿ." ತಾಳ್ಯ ಅವಳ ತವರು.

ಮಾಹೀರಾಳ ಮನೆಯ ಅಂಗಳದಲ್ಲಿ ಇವಳು ಟೀ ಕುಡಿಯುತ್ತ ಕುಳಿತಿದ್ದಾಗ ಆ ನಾಯಿ ಕುಂಟುತ್ತ ಬಂದು, ಯಾರನ್ನೂ ಕೇಳದೆ, ಇವಳ ಪಾದದ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿತು. ದಾಕ್ಷಾಯಿಣಿ ಟೀ ಲೋಟ ಕೆಳಗಿಡಲಿಲ್ಲ, ಕಾಲು ಕದಲಿಸಲಿಲ್ಲ. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದಳು: "ವ್ಯಾನಿನ ಹಿಂದಿನ ಸೀಟ್ನಾಗೆ ಇದ್ರ ಜತಿಗೆ ನಾನು ಕುಂತ್ಕಳ್ತೀನಿ. ನೀವು ನಿಧಾನ ಓಡಿಸ್ರಿ."

ಹೊರಡುವಾಗ ಮಾಹೀರಾ ನನ್ನ ಬಳಿ ಬಂದು, "ಅಂಕಲ್, ಇದಕ್ಕೆ ನಾನು ಹೆಸರು ಇಟ್ಟಿಲ್ಲ. ಹೆಸರು ಮನೆಯವ್ರೇ ಇಡ್ಬೇಕು. ಸಣ್ಣ ಹೆಸರು ಇಡ್ರಿ, ಎಲ್ರೂ ಒಂದೇ ಹೆಸರು ಕರೀರಿ, ಬೇಗ ಕಲಿತಾನೆ" ಎಂದಳು.

"ಹೆಸರಿನ ಬಗ್ಗೆ ನನಗೆ ಹೇಳ್ತೀಯೇನಮ್ಮ?" ಎಂದು ನಕ್ಕು ವ್ಯಾನ್ ಹತ್ತಿದೆ.

ಮೊದಲು ಇಟ್ಟ ಹೆಸರು 'ದುರ್ಗಾಧಿಪತಿ'. ಕೋಟೆಯ ಊರಿನ ನಾಯಿ, ಹೆಸರಲ್ಲಿ ಸ್ವಲ್ಪ ಗತ್ತು ಬೇಡವೇ?

"ಆ ಹೆಸರು ಇಟ್ರೆ ಮುನ್ಸಿಪಾಲ್ಟಿಯೋರು ಬಂದು ಕೋಟೆ ಕಂದಾಯ ಕೇಳ್ತಾರೆ" ಎಂದಳು ದಾಕ್ಷಾಯಿಣಿ.

ಮಾರನೆಯ ದಿನ 'ರಣಧೀರ' ಎಂದು ಬದಲಿಸಿದೆ. ಅದೇ ಗಳಿಗೆಗೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ರಣಧೀರ ಮಂಚದ ಕೆಳಗೆ ನುಗ್ಗಿದವನು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ!

"ಅಪ್ಪಾ, ಕುಕೀ ಅಂತ ಇಡಾಣ. ಎಷ್ಟು ಕ್ಯೂಟಾಗೈತೆ!" ಎಂದಳು ಪಲ್ಲವಿ.

"ಅದು ಕುಕ್ಕರ್ ಅಂದಂಗೇ ಕೇಳ್ತೈತೆ. ಪಾಪ, ಮತ್ತೆ ಮಂಚದ ಕೆಳಗೆ ಹೋಗ್ತೈತೆ ಕಣೇ" ಎಂದಳು ಅವರಮ್ಮ.

ಪಲ್ಲವಿ ಹಟ ಬಿಡದೆ ಕುಕೀ ಎಂದೇ ಕರೆದಳು. ನಾನು ಬೆಳಿಗ್ಗೆ ಒಂದು, ಸಂಜೆ ಒಂದು ಹೆಸರು ಕರೆದೆ. ಚಾಮುಂಡ ಎಂದೆ, ಚಂಡಮಾರುತ ಎಂದೆ. ನಾಯಿ ನನ್ನನ್ನು ನೋಡಿ ಆಕಳಿಸಿತು. ನಮ್ಮ ಅಂಗಡಿಗೆ ಬರುವ ಗಿರಾಕಿಗಳು ಕೂಡ ಹೆಸರು ಹೇಳಿದಾಗ ಇಷ್ಟು ಉದಾಸೀನದಿಂದ ನೋಡಿದ್ದಿಲ್ಲ.

ಕೊನೆಗೆ ವಾರ ತುಂಬುವ ಹೊತ್ತಿಗೆ 'ಸಾಮ್ರಾಟ್' ಎಂದು ಅಂತಿಮ ತೀರ್ಪು ಕೊಟ್ಟೆ. ಮತ್ತೆ ಯಾರೂ ತಕರಾರು ತೆಗೆಯಬಾರದೆಂದು ಅಂಗಡಿಗೆ ಹೋಗಿ ಒಂದು ಫ್ಲೆಕ್ಸನ್ನೇ ಮಾಡಿದೆ. ಫ್ಲೆಕ್ಸಿನಲ್ಲಿ ಬಂದದ್ದು ಶಾಸನಕ್ಕೆ ಸಮಾನ! ಅವತ್ತು ಅಂಗಡಿಯಲ್ಲಿ ವಿಪರೀತ ಕೆಲಸ. ಹೊಸದಾಗಿ ಡಿಸೈನ್ ಮಾಡಲು ಪುರುಸೊತ್ತಿಲ್ಲದೆ, ಕಂಪ್ಯೂಟರಿನಲ್ಲಿ ಎದುರಿಗೆ ಕಂಡ ಹಳೇ ಡಿಸೈನನ್ನೇ ತೆರೆದು, ಫೋಟೋ ಬದಲಿಸಿ, ಹೆಸರು ಬದಲಿಸಿ, ಮೇಲೆ 'ಸುಸ್ವಾಗತ' ಎಂದು ಸೇರಿಸಿ ಪ್ರಿಂಟು ಹೊಡೆದೆ. ತಂದು ಗೇಟಿನ ಮೇಲೆ ಬಿದಿರು ಕಟ್ಟಿ ಏರಿಸಿ, ಒಮ್ಮೆಯೂ ನಿಂತು ನೋಡದೆ ಒಳಗೆ ಹೋಗಿ ಕಾಲು ಚಾಚಿ ಕುಳಿತೆ. ದಾಕ್ಷಾಯಿಣಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಎಂಥ ಸುಖದ ಸಂಜೆ!

ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಪಕ್ಕದ ಬೀದಿಯ ಬಾಲರಾಜು, ಕೈಯಲ್ಲಿ ಚೆಂಡುಹೂವಿನ ದಪ್ಪ ಹಾರ. ನನ್ನನ್ನು ಕಂಡದ್ದೇ ಅವರ ಕೈಯಿಂದ ಹಾರ ಜಾರಿ ಬಿತ್ತು.

"ನೀ… ನೀವು ಇದೀರಾ?"

"ನಮ್ಮನೆಯಾಗೆ ನಾನಿರದೆ ಇನ್ಯಾರಿರ್ತಾರೆ? ಯಾಕ್ರಿ, ಏನಾಯ್ತು?"

"ಗೇಟಿನ ಮೇಲೆ ನಿಮ್ಮ ಫೋಟೋ, ಎರಡೂ ಕಡೆ ದೀಪ… ಕನ್ನಡಕ ಬೇರೆ ಮನ್ಯಾಗೆ ಬಿಟ್ಟು ಬಂದಿದ್ದೆ. ದೂರದಿಂದ ಥೇಟ್ ನಿಮ್ಮಂಗೇ ಕಂಡ್ತು!"

ನಾನು ಹೊರಗೆ ಓಡಿ ಕತ್ತೆತ್ತಿ ನೋಡಿದೆ. ನಾಯಿಯ ಫೋಟೋದ ಎರಡೂ ಕಡೆ ಉರಿಯುವ ದೀಪಗಳು! ಕೆಳಗೆ ದಪ್ಪ ಅಕ್ಷರದಲ್ಲಿ, 'ಸದಾ ನಿಮ್ಮ ನೆನಪಿನಲ್ಲಿ, ದುಃಖತಪ್ತ ಕುಟುಂಬ ವರ್ಗ'. ನಾನು ತೆರೆದದ್ದು ಶ್ರದ್ಧಾಂಜಲಿಯ ಡಿಸೈನು. ಫೋಟೋ ಮತ್ತು ಹೆಸರು ಬದಲಿಸಿದವನು ಮಿಕ್ಕಿದ್ದನ್ನು ಹಾಗೇ ಬಿಟ್ಟಿದ್ದೆ. ಮೇಲೆ ಸುಸ್ವಾಗತ, ಕೆಳಗೆ ಶ್ರದ್ಧಾಂಜಲಿ!

ಅಷ್ಟರಲ್ಲಿ, ಬಾಲರಾಜು ದಾರಿಯುದ್ದಕ್ಕೂ ಹಬ್ಬಿಸಿಕೊಂಡು ಬಂದಿದ್ದ ಸುದ್ದಿ ಕೇಳಿ, ಎದುರುಮನೆಯ ಏಕನಾಥಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಪಾತ್ರೆಯ ತುಂಬ ಉಪ್ಪಿಟ್ಟು ಹಿಡಿದು ಬಂದರು. "ಇವತ್ತು ಒಲೆ ಹಚ್ಚಿರಾಕಿಲ್ಲ ಅಂತ ತಂದೆ ದಾಕ್ಷಾಯಿಣಿ. ಧೈರ್ಯ ತಗಳಮ್ಮ."

ದಾಕ್ಷಾಯಿಣಿ ಜಾಲರಿ ಸೌಟು ಹಿಡಿದು, ಬಜ್ಜಿಯ ವಾಸನೆಯ ಜೊತೆಗೆ ಹೊರಗೆ ಬಂದು, "ಯಾತಕ್ಕೆ ಧೈರ್ಯ?" ಎಂದಳು. ಏಕನಾಥಮ್ಮ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಉಪ್ಪಿಟ್ಟಿನ ಪಾತ್ರೆ ನೋಡಿಕೊಂಡರು. ಬೀದಿಯ ಇನ್ನೂ ನಾಲ್ಕು ಮಂದಿ ಗೇಟಿನ ಒಳಗೆ ಬಂದು ಗಂಭೀರ ಮುಖ ಹೊತ್ತು ನಿಂತಿದ್ದರು.

ನಾನು ವಿವರಿಸಲು ಬಾಯಿ ತೆರೆದೆ. ಆಗಲೇ ದುರ್ಗದ ಗಾಳಿ ಬೀಸಬೇಕೇ! ಬಿದಿರು ಕಿತ್ತುಕೊಂಡು ಫ್ಲೆಕ್ಸು ಬಾಲರಾಜು ಅವರ ಸ್ಕೂಟರಿನ ಮೇಲೆ ಧಡಾರೆಂದು ಬಿತ್ತು. ಆ ಸದ್ದಿಗೆ ಒಳಗಿದ್ದ ನಾಯಿ ಬೆದರಿ, ಅಷ್ಟೂ ಜನರ ಕಾಲುಗಳ ನಡುವೆ ನುಸುಳಿ, ತೆರೆದ ಗೇಟಿನಿಂದ ಹೊರಗೆ ಹಾರಿ, ಕುಂಟುಗಾಲಲ್ಲೇ ಓಡಿ ಮಾಯವಾಯಿತು!

ಆಮೇಲೆ ಯಾರೂ ನಗಲಿಲ್ಲ. ಬತ್ತಿದ ಬಾವಿಯಲ್ಲಿ ಎಷ್ಟು ದಿನ ಒಂಟಿಯಾಗಿ ಬಿದ್ದಿತ್ತೋ ಆ ಜೀವ! ಊರು ಹೊಸದು, ಆಚೆ ದೊಡ್ಡ ರಸ್ತೆಯಲ್ಲಿ ಬಸ್ಸು, ಆಟೊಗಳ ಓಡಾಟ. ದಾಕ್ಷಾಯಿಣಿ ಸೌಟನ್ನು ಏಕನಾಥಮ್ಮನ ಕೈಗೆ ಕೊಟ್ಟು, ಚಪ್ಪಲಿಯನ್ನೂ ಮೆಟ್ಟದೆ ಹೊರಟಳು. ನಮ್ಮ ಮನೆಯವರಿಗೆ ಸಾಂತ್ವನ ಹೇಳಲು ಬಂದಿದ್ದವರೆಲ್ಲ ಹುಡುಕಲು ಹೊರಟರು. ಆ ಉಪಕಾರವನ್ನು ನಾನು ಮರೆಯಲಾರೆ. ಸತ್ತಿದ್ದೇನೆಂದು ಬಂದವರು ಬದುಕಿದ್ದೇನೆಂದು ಕೋಪಿಸಿಕೊಳ್ಳಲೂ ಇಲ್ಲ!

ಆದರೆ ಏನೆಂದು ಕರೆಯುವುದು?

"ಸಾಮ್ರಾಟ್!" ಎಂದು ನಾನು ಕೂಗಿದೆ. "ಕುಕೀ! ಕುಕೀ!" ಎಂದು ಪಲ್ಲವಿ ಆ ತುದಿಯಿಂದ ಅಳುತ್ತ ಕೂಗಿದಳು. ವಾರವೆಲ್ಲ ನನ್ನ ಕೂಗು ಕೇಳಿದ್ದ ಬಾಲರಾಜು, "ಹೆಸರೇನಂದ್ರಿ? ಚಂಡಮಾರುತನೋ ರಣಧೀರನೋ?" ಎಂದು ನನ್ನನ್ನು ಕೇಳಿ, ಉತ್ತರಕ್ಕೆ ಕಾಯದೆ ಎರಡನ್ನೂ ಕೂಗಿದರು. ಮಸೀದಿ ಬೀದಿಯ ಖಾತುನ್ ಬೀ ಮನೆಯಿಂದ ಹೊರಬಂದು, ವಿಷಯ ತಿಳಿದು, "ಬಾ ಬೇಟಾ, ಬಾ" ಎನ್ನುತ್ತ ಬಿಸ್ಕತ್ತು ಹಿಡಿದು ಒಂದೊಂದೇ ಸಂದಿ ನೋಡಿದರು. ಒಂದು ಕುಂಟು ನಾಯಿಗಾಗಿ ಇಷ್ಟೊಂದು ಹೆಸರುಗಳು ಬೀದಿಯಲ್ಲಿ ಓಡಾಡಿದವು, ಬರಬೇಕಾದವನು ಮಾತ್ರ ಬರಲಿಲ್ಲ. ಮಾಹೀರಾ ಹೇಳಿದ ಮಾತು ನನ್ನ ಕಿವಿಯಲ್ಲಿ ಚುಚ್ಚತೊಡಗಿತು. ಹೆಸರಿಡುವ ಭರದಲ್ಲಿ ನಾನು ಆ ಪ್ರಾಣಿಗೆ ಒಂದು ಹೆಸರೂ ಇಲ್ಲದ ಹಾಗೆ ಮಾಡಿಬಿಟ್ಟಿದ್ದೆ.

ಹೊತ್ತು ಮುಳುಗುತ್ತ ಬಂತು. ದಾಕ್ಷಾಯಿಣಿಯ ಕಾಲಿಗೆ ಕಲ್ಲು ಚುಚ್ಚಿ ನೋಯುತ್ತಿತ್ತು. ಅವಳು ಖಾತುನ್ ಬೀ ಅವರ ಮನೆ ಕಟ್ಟೆಯ ಮೇಲೆ ಕುಸಿದು ಕುಳಿತಳು. ಖಾತುನ್ ಬೀ ನೀರು ತಂದುಕೊಟ್ಟು, "ಸಿಗ್ತಾನೆ ಕಣಮ್ಮ, ಅಲ್ಲಾ ಅವ್ನೆ, ಅಳಬ್ಯಾಡ" ಎಂದರು. ನಾನು ಬೀದಿಯ ಕೊನೆಯವರೆಗೂ ಹೋಗಿಬಿಟ್ಟಿದ್ದೆ. ನನ್ನನ್ನು ವಾಪಸ್ ಕರೆಯಲು ದಾಕ್ಷಾಯಿಣಿ ಗಂಟಲು ಹರಿಯುವಂತೆ ಕೂಗಿದಳು:

"ರೀ…!"

ರಸ್ತೆ ಬದಿಯಲ್ಲಿ ಚರಂಡಿಗೆಂದು ತಂದು ಪೇರಿಸಿದ್ದ ಸಿಮೆಂಟ್ ಪೈಪುಗಳಿದ್ದವು. ಅವುಗಳಲ್ಲೊಂದರಿಂದ ಮೊದಲು ನಿಂತ ಕಿವಿ, ಆಮೇಲೆ ಮಲಗಿದ ಕಿವಿ, ಆಮೇಲೆ ಇಡೀ ನಾಯಿ ಹೊರಬಂತು! ನನ್ನನ್ನು ದಾಟಿ ಓಡಿಹೋಗಿ ದಾಕ್ಷಾಯಿಣಿಯ ನೋಯುವ ಪಾದದ ಮೇಲೆ ಗದ್ದ ಇಟ್ಟಿತು. ಇವಳು ಅದನ್ನು ತಬ್ಬಿಕೊಂಡು ಅಳತೊಡಗಿದಳು. ಖಾತುನ್ ಬೀ ಕೈಯಲ್ಲಿದ್ದ ಬಿಸ್ಕತ್ತನ್ನೆಲ್ಲ ಅದರ ಮುಂದೆ ಸುರಿದರು.

ಪಲ್ಲವಿಗೆ ಅನುಮಾನ ಬಂತು. ಮನೆಗೆ ಬಂದ ಮೇಲೆ ನಾಯಿಯನ್ನು ಹಿತ್ತಲಿಗೆ ಕಳಿಸಿ, "ಅಮ್ಮಾ, ಈಗ ಇನ್ನೊಂದ್ಸಲ ಅಪ್ಪನ್ನ ಕರಿ" ಎಂದಳು.

"ರೀ!"

ನಾಯಿ ಹಿತ್ತಲಿನಿಂದ ಹಾರಿಕೊಂಡು ಬಂತು. ನಾನೂ ಕುರ್ಚಿಯಿಂದ ಎದ್ದೆ. ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಡಿಕ್ಕಿ ಹೊಡೆದೆವು!

ವಿಚಾರ ಮಾಡಿದರೆ ಗುಟ್ಟೇನೂ ಇರಲಿಲ್ಲ. ಆ ವಾರವೆಲ್ಲ ದಾಕ್ಷಾಯಿಣಿ ನನ್ನನ್ನು 'ರೀ' ಎಂದು ತಿಂಡಿಗೆ, ಊಟಕ್ಕೆ ಕರೆದಾಗಲೆಲ್ಲ ಮೊದಲ ತುತ್ತು ನಾಯಿಗೇ ಸಿಕ್ಕಿತ್ತು. ಇಡೀ ಮನೆಯಲ್ಲಿ ದಿನವೂ ಬದಲಾಗದೆ, ತುತ್ತಿನ ಜೊತೆಗೇ ಬಂದ ಹೆಸರು ಅದೊಂದೇ. ಜಾಣ ನಾಯಿ, ಅದನ್ನೇ ತನ್ನದು ಮಾಡಿಕೊಂಡಿತ್ತು.

"ಹಂಗಾದ್ರೆ ಇದನ್ನ ಬಿಡಿಸಿ ಸಾಮ್ರಾಟ್ ಅಂತ ಹೊಸದಾಗಿ ಕಲಿಸಾಣ" ಎಂದೆ.

ದಾಕ್ಷಾಯಿಣಿ ನಾಯಿಯ ಮಲಗಿದ ಕಿವಿ ಸವರುತ್ತ ಹೇಳಿದಳು: "ಪಾಪ, ಅದಕ್ಕೆ ಗೊತ್ತಿರೋದು ಒಂದೇ ಹೆಸರು. ಅದನ್ನೂ ಯಾಕೆ ಕಿತ್ಕಳಾದು? ನೀವು ಓದಿದೋರು, ಬುದ್ಧಿವಂತರು. ಬೇರೆ ಹೆಸರಿಗೆ ಹೊಂದ್ಕಳ್ತೀರಿ ಬಿಡಿ."

ಹೀಗೆ ಊರಿಗೆಲ್ಲ ಹೆಸರಿಟ್ಟ ನಾನು ನನ್ನದೇ ಮನೆಯಲ್ಲಿ ಹೆಸರಿಲ್ಲದವನಾದೆ!

"ಪ್ರಾಣನಾಥ ಅಂತ ಕರಿ" ಎಂದು ಸೂಚಿಸಿದೆ. "ನಾಟಕ ಕಂಪನಿಯೇನು ಇದು?" ಎಂದಳು. ಕೆಲವು ದಿನ ಚಪ್ಪಾಳೆ ತಟ್ಟಿ ಕರೆದಳು, ಕೆಲವು ದಿನ ಲೋಟ ಕುಟ್ಟಿ ಕರೆದಳು. ಮದುವೆಯಾದಾಗಿನಿಂದ ಅವಳು ನನ್ನ ಹೆಸರನ್ನು ಬಾಯಲ್ಲಿ ಅಂದವಳಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ಮನೆಯವರ ಹೆಸರು ಕೇಳಿದರೆ, ಪಲ್ಲವಿಯ ಕಡೆ ತಿರುಗಿ, "ನಿಮ್ಮಪ್ಪನ ಹೆಸರು ಹೇಳೇ" ಎನ್ನುತ್ತಿದ್ದಳು.

ಮೊನ್ನೆ ಬೆಳಿಗ್ಗೆ ನಾನು ಜಗಲಿಯಲ್ಲಿ ಪೇಪರ್ ಓದುತ್ತ ಕುಳಿತಿದ್ದೆ. ಒಳಗಿನಿಂದ ಯಾರೋ ಅಳುಕುತ್ತ, ಮೆಲ್ಲಗೆ ಕರೆದರು:

"ತಿಪ್ಪೇಶ್…"

ನಾನು ಪೇಪರಿನಿಂದ ತಲೆ ಎತ್ತದೆ, "ಪಲ್ಲವೀ, ಯಾರೋ ಯಾರನ್ನೋ ಕರೀತವ್ರೆ ನೋಡೇ" ಎಂದೆ.

ಪಲ್ಲವಿ ಗೋಡೆಗೆ ಒರಗಿ ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಅದು ನೀನೇ!"

ಹೌದಲ್ಲ! ತಿಪ್ಪೇಶ್ ನಾನೇ! ಆ ಹೆಸರಿನ ಬಗ್ಗೆ ನನಗೆ ಎಂದೂ ಹೆಮ್ಮೆ ಇರಲಿಲ್ಲ. ಕಲ್ಲೆಸೆದರೆ ಒಬ್ಬ ತಿಪ್ಪೇಶನಿಗೆ ತಗಲುವ ಊರು ನಮ್ಮದು. ಆದರೆ ಅವಳ ಬಾಯಿಂದ ಕೇಳಿದಾಗ ಅದು ಬೇರೆ ಯಾರದೋ ಚೆಂದದ ಹೆಸರಿನಂತೆ ಕೇಳಿಸಿತ್ತು. ಕಣ್ಣು ಒದ್ದೆಯಾಯಿತು. ಬಾವಿಯಿಂದ ಎತ್ತಿದ ಮಾಹೀರಾಳಿಗೆ, ಬಿಸ್ಕತ್ತು ಸುರಿದ ಖಾತುನ್ ಬೀ ಅವರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಬಿರುದನ್ನು ಕಸಿದುಕೊಂಡು ನನ್ನ ಹೆಸರನ್ನು ನನಗೆ ಕೊಡಿಸಿದ ಆ ಕುಂಟು ನಾಯಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಇನ್ನೊಂದು ಸಲ ಕರೆಯಲಿ ಎಂಬ ಆಸೆಯಿಂದ ಎದ್ದೇಳದೆ ಹಾಗೇ ಕುಳಿತೆ.

ದಾಕ್ಷಾಯಿಣಿಗೆ ತಾಳ್ಮೆ ಮುಗಿಯಿತು. ದೋಸೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದು, ಅಭ್ಯಾಸಬಲದಿಂದ ಗದರಿದಳು: "ಎಷ್ಟು ಸಲ ಕರೀಬೇಕು, ದೋಸೆ ಆರಿಹೋಗ್ತೈತೆ ಕಣ್ರೀ!"

ಹಿತ್ತಲಿನಿಂದ ಬಾಣದಂತೆ ಬಂದ ನಾಯಿ, ನಾನು ಕುರ್ಚಿಯಿಂದ ಏಳುವುದರೊಳಗೆ, ತಟ್ಟೆಯಲ್ಲಿದ್ದ ದೋಸೆ ಎತ್ತಿಕೊಂಡು ಒಂದೇ ಗುಕ್ಕಿಗೆ ನುಂಗಿತು.

ದಾಕ್ಷಾಯಿಣಿ ಖಾಲಿ ತಟ್ಟೆಯನ್ನೂ ನನ್ನನ್ನೂ ನೋಡಿ, ಮಗಳ ಕಡೆ ತಿರುಗಿದಳು. "ಆ ಮೂಕಪ್ರಾಣಿ ವಾರದಾಗೆ ಹೆಸರು ಕಲ್ತ್ಕಂಡ್ತು. ತಿಪ್ಪೇಶ್ ಅವ್ರಿಗೆ ಇನ್ನೂ ಎಷ್ಟು ದಿನ ಬೇಕಂತೆ, ಕೇಳೇ!"