ಚಿಂತಾಮಣಿ ಕಲ್ಲು ಡಾಟ್ ಕಾಮ್

ರುಬ್ಬುವ ಕಲ್ಲು ಕಟೆಯುವ ನಲ್ಲಪ್ಪನ ಮನೆಗೇ ಮಿಕ್ಸಿ ಬಂತು. ಅನಾಹುತವೆಲ್ಲ ಶುರುವಾದದ್ದು ಅಲ್ಲಿಂದ.

ತಂದವಳು ಬೇರೆ ಯಾರೂ ಅಲ್ಲ, ಅವನ ಹೆಂಡತಿ ಶ್ಯಾಮಲಮ್ಮ. ಅಡಿಗೆಮನೆಯಲ್ಲಿ ಅದು ಗುರ್ರೆಂದಾಗ ನಲ್ಲಪ್ಪನಿಗೆ ತನ್ನ ಎದೆಯ ಮೇಲೇ ಚಟ್ನಿ ಅರೆದಂತಾಯಿತು.

"ಊರಿಗೆಲ್ಲ ಕಲ್ಲು ಮಾರೋನ ಮನೇಲಿ ಮಿಕ್ಸಿನಾ? ನೋಡಿದೋರು ಏನಂತಾರೆ ಕಣೇ?"

"ಊರಿಗೆಲ್ಲ ಎಲ್ಲಿ ಮಾರಿದೀರಿ? ಹಿತ್ತಲಲ್ಲಿ ಅರವತ್ತು ಕಲ್ಲು ಹಂಗೇ ಬಿದ್ದವೆ. ಎರಡು ಸೀಮೆಹಸು ಕಟ್ಟಣ ಅಂದ್ರೆ ಹಸು ಬಾಲ ಅಲ್ಲಾಡಿಸೋಕೂ ಜಾಗ ಇಲ್ಲ. ಯುಗಾದಿ ಒಳಗೆ ಖಾಲಿ ಮಾಡಿಲ್ಲ ಅಂದ್ರೆ ಜಲ್ಲಿ ಮಿಷನ್ನೋರ್ನ ಕರೆಸಿ ಎಲ್ಲಾನೂ ಪುಡಿ ಮಾಡಿಸ್ಬಿಡ್ತೀನಿ, ನೋಡ್ತಾ ಇರಿ!"

ಶ್ಯಾಮಲಮ್ಮ ಆಡಿದ ಮಾತನ್ನು ಮಾಡದೆ ಬಿಟ್ಟದ್ದು ಚಿಂತಾಮಣಿಯಲ್ಲಿ ಯಾರಿಗೂ ನೆನಪಿಲ್ಲ. ಅಪ್ಪನ ಕಾಲದಿಂದ ಅಂಬಾಜಿದುರ್ಗದ ಬಂಡೆಗೆ ಉಳಿ ಹಿಡಿದ ಮನೆತನ. ಆ ಕಲ್ಲುಗಳು ಜಲ್ಲಿಯಾಗಿ ರಸ್ತೆಗೆ ಬೀಳುವುದನ್ನು ನೆನೆದೇ ನಲ್ಲಪ್ಪನ ಕಣ್ಣು ತುಂಬಿತು. ಅಂಗಿ ಹಾಕಿಕೊಂಡು ಸೀದಾ ಬಸ್‌ಸ್ಟ್ಯಾಂಡ್ ಹಿಂದಿನ ಅಂಬರೀಶನ ಇಂಟರ್‌ನೆಟ್ ಸೆಂಟರ್‌ಗೆ ನಡೆದ. ಬೆಂಗಳೂರಿನವರು ಈಗ ಏನು ಬೇಕಾದರೂ ಕಂಪ್ಯೂಟರಿನಲ್ಲೇ ಹುಡುಕುತ್ತಾರೆ ಎಂದು ಯಾರೋ ಹೇಳಿದ್ದರು. ದಾರಿಯಲ್ಲಿ ಪಕ್ಕದ ಮನೆಯ ರಿಟೈರ್ಡ್ ಬಯ್ಯಪ್ಪ ಮೇಷ್ಟ್ರು ಎದುರಾದರು. ಎಲ್ಲಿಗೆ ಎಂದು ಕೇಳಿದರು, ಹೇಳಿದ. ಕರೆಯದೆಯೇ ಜೊತೆಗೆ ಬಂದರು.

"ವೆಬ್‌ಸೈಟ್ ಮಾಡೋದು ಕಷ್ಟ ಅಲ್ಲಣ್ಣ, ಹೆಸರು ಇಡೋದೇ ಕಷ್ಟ," ಎಂದ ಅಂಬರೀಶ್. "ಏನಂತ ಇಡಣ?"

"ಶ್ರೀ ಲಕ್ಷ್ಮೀನರಸಿಂಹಸ್ವಾಮಿ ಪ್ರಸನ್ನ ಶಿಲಾ ಕುಟೀರ ಡಾಟ್ ಕಾಮ್," ಎಂದ ನಲ್ಲಪ್ಪ ಕೈಮುಗಿದು.

"ಅಣ್ಣಾ, ಅಷ್ಟುದ್ದ ಹೊಡೆಯೋಷ್ಟರಲ್ಲಿ ಕರೆಂಟ್ ಹೋಗುತ್ತೆ. ಜನ ಗೂಗಲ್‌ನಲ್ಲಿ ಏನಂತ ಹುಡುಕ್ತಾರೋ ಅದೇ ನಿಮ್ಮ ಹೆಸರಾಗಿರಬೇಕು. ಆಗ ನೀವೇ ಫಸ್ಟ್ ಬರ್ತೀರ."

"ಹಂಗಾದ್ರೆ ಒರಳುಕಲ್ಲು," ಎಂದರು ಮೇಷ್ಟ್ರು.

ಅಂಬರೀಶ್ ಇಂಗ್ಲಿಷ್ ಅಕ್ಷರದಲ್ಲಿ ಒರಳು ಎಂದು ಹೊಡೆದ. ಪರದೆಯ ಮೇಲೆ ಬಾಯಿ ತೆರೆದ ಹುಡುಗಿಯೊಬ್ಬಳು ಬಂದಳು, ಪಕ್ಕದಲ್ಲಿ ಹಲ್ಲುಜ್ಜುವ ಬ್ರಷ್ಷು. "ನೋಡಿದ್ರಾ? ಗೂಗಲ್ ಇದನ್ನ ಓರಲ್ ಅಂತ ಓದ್ಕೊಳ್ಳುತ್ತೆ."

"ರುಬ್ಬುವ ಕಲ್ಲು?"

"ಅದರಲ್ಲಿ ಬಿ ಒಂದಾ ಎರಡಾ? ಕೊನೇಗೆ ವಿ ಹಾಕ್ಬೇಕಾ ಡಬ್ಲ್ಯು ಹಾಕ್ಬೇಕಾ? ಒಬ್ಬೊಬ್ಬ ಒಂದೊಂದು ಥರ ಹೊಡೀತಾನೆ. ಇಂಗ್ಲಿಷಲ್ಲೇ ಗ್ರೈಂಡಿಂಗ್ ಸ್ಟೋನ್ ಅಂತ ಇಟ್ಬಿಡಣ."

"ಚಿಂತಾಮಣಿಲಿ ಯಾವನಯ್ಯ ಇಂಗ್ಲಿಷಲ್ಲಿ ರುಬ್ತಾನೆ?" ಮೇಷ್ಟ್ರು ಮೇಜು ಕುಟ್ಟಿದರು. ಮೇಲ್ ನೋಡಲು ಬಂದಿದ್ದ ಮೂವರೂ ತಮ್ಮ ಕೆಲಸ ಬಿಟ್ಟು ಕುರ್ಚಿ ಎಳೆದುಕೊಂಡರು. ಒಬ್ಬ ಶಿಲೆ ಎಂದ, ಒಬ್ಬ ಬಂಡೆ ಎಂದ, ಇನ್ನೊಬ್ಬ ಸಂಖ್ಯಾಶಾಸ್ತ್ರದ ಪ್ರಕಾರ ಹೆಸರಿನಲ್ಲಿ ನಾಲ್ಕು ಎಲ್ ಇರಬೇಕೆಂದು ಹಟ ಹಿಡಿದ. ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ನೋಡಲು ಬಂದವರಂತೆ ಎಲ್ಲರೂ ಒಂದೊಂದು ಹಿಡಿ ಹಾಕಿದರು.

ಎರಡು ಗಂಟೆಯಾದ ಮೇಲೆ ಮೇಷ್ಟ್ರೇ ತೀರ್ಪು ಕೊಟ್ಟರು. "ಊರು ಚಿಂತಾಮಣಿ, ಮಾಲು ಕಲ್ಲು. ಚಿಂತಾಮಣಿ ಕಲ್ಲು. ಚಿಕ್ಕದು, ಚೊಕ್ಕದು. ಕೆ ಎ ಡಬಲ್ ಎಲ್ ಯು. ಇದರಲ್ಲಿ ತಪ್ಪು ತಿಳ್ಕೊಳ್ಳೋಕೆ ಏನೈತೆ?"

ಯಾರಿಗೂ ಏನೂ ಕಾಣಲಿಲ್ಲ. ಹೆಸರು ರಿಜಿಸ್ಟರ್ ಆಯಿತು. ಒಂದು ಫೋಟೋ, ಕೆಳಗೆ ನಲ್ಲಪ್ಪನ ಮೊಬೈಲ್ ನಂಬರು. ಕರೆಂಟು ಬಂದು ಹೋಗುವ ಊರಿನಲ್ಲಿ ಫೋಟೋ ತೆರೆದುಕೊಳ್ಳಲು ಒಂದು ಕಾಫಿ ಕುಡಿಯುವಷ್ಟು ಹೊತ್ತು ಬೇಕಾಗುತ್ತಿತ್ತು; ನಂಬರು ಮಾತ್ರ ತಕ್ಷಣ ಬರುತ್ತಿತ್ತು.

ಮೂರು ವಾರ ಸದ್ದಿಲ್ಲ. ಒಂದು ಗುರುವಾರ ಬೆಳಿಗ್ಗೆ ಅಂಬರೀಶ್ ಸೈಕಲ್ಲನ್ನು ಬೀದಿಯಲ್ಲೇ ಬೀಳಿಸಿ ಓಡಿಬಂದ. "ಅಣ್ಣಾ! ಗೂಗಲ್‌ನಲ್ಲಿ ಫಸ್ಟ್ ಬಂದಿದೀರ! ಫಸ್ಟ್ ಪೇಜ್, ಫಸ್ಟ್ ಹೆಸರು!"

ಹತ್ತನೇ ಕ್ಲಾಸಿನಲ್ಲಿ ಮೂರು ಸಲ ಫೇಲಾಗಿದ್ದ ನಲ್ಲಪ್ಪ ಜೀವನದಲ್ಲಿ ಎಲ್ಲಾದರೂ ಫಸ್ಟ್ ಬಂದದ್ದು ಇದೇ ಮೊದಲು. ಹೆಂಡತಿಗೆ ಹೇಳಲು ಬಾಯಿ ತೆರೆಯುವುದರೊಳಗೆ ಫೋನ್ ಹೊಡೆದುಕೊಂಡಿತು.

"ಅಯ್ಯಾ, ನಾ ಕಳ್ಳು ಮಸಕಗಾ ಉನ್ನಾಯಿ. ಡಾಕ್ಟರುಗಾರು ಎಪ್ಪುಡು ವಸ್ತಾರು?" ಮದನಪಲ್ಲಿ ಕಡೆಯ ಮುದುಕಿಯ ದನಿ. ತೆಲುಗಿನಲ್ಲಿ ಕಳ್ಳು ಎಂದರೆ ಕಣ್ಣು; ಅದು ಮಂಜಾಗಿದೆ, ಡಾಕ್ಟರು ಯಾವಾಗ ಬರುತ್ತಾರೆ ಎಂಬುದು ಆಕೆಯ ಪ್ರಶ್ನೆ. ಆಕೆಯ ಮೊಮ್ಮಗ ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿ ಕಣ್ಣಾಸ್ಪತ್ರೆಯೆಂದು ಈ ನಂಬರು ಹಿಡಿದುಕೊಟ್ಟಿದ್ದ. ಇಲ್ಲಿ ಡಾಕ್ಟರಿಲ್ಲ ಅವ್ವಾ ಎಂದು ಒಪ್ಪಿಸುವಷ್ಟರಲ್ಲಿ ನಲ್ಲಪ್ಪನ ಕಣ್ಣೇ ಮಂಜಾಯಿತು.

ಫೋನ್ ಇಟ್ಟ ಮರುಗಳಿಗೆಯಲ್ಲೇ ಇನ್ನೊಂದು.

"ಸಾರ್, ಗೌರಿಬಿದನೂರಿಂದ. ಕಲ್ಲಿನ ವಿಚಾರ. ಎಂಟು ಎಂ.ಎಂ. ಇದೆ."

ಅಪ್ಪಟ ಗಿರಾಕಿ! ನಲ್ಲಪ್ಪ ಗಂಟಲು ಸರಿಮಾಡಿಕೊಂಡ. "ಎಂಟು ಎಂ.ಎಂ. ಏನು ಸಾರ್, ಎಳ್ಳುಕಾಳು! ನಮ್ಮಲ್ಲಿ ಹದಿನೆಂಟು ಇಂಚಿಗಿಂತ ಕಮ್ಮಿ ಯಾವುದೂ ಇಲ್ಲ."

"ಹದಿನೆಂಟು ಇಂಚಾ? ಅದನ್ನ… ಅದನ್ನ ಹೆಂಗೆ ತೆಗೀತೀರ?"

"ನಾಲ್ಕು ಜನ ಗಟ್ಟಿಯಾಗಿ ಹಿಡ್ಕೊಂತಾರೆ. ನಾನು ಅಡಿಗೆ ಹಾರೆ ಹಾಕಿ ಮೀಟ್ತೀನಿ. ಐದು ನಿಮಿಷದ ಕೆಲಸ."

ಫೋನ್ ಕಟ್ಟಾಯಿತು. ಆ ಮನುಷ್ಯನ ಮೂತ್ರಪಿಂಡದ ಕಲ್ಲು ಅಲ್ಲೇ ಕರಗಿದ್ದರೂ ಆಶ್ಚರ್ಯವಿಲ್ಲ.

ಮೂರನೆಯವಳು ಶಿಡ್ಲಘಟ್ಟದ ಹೆಂಗಸು. ಚಿಂತಾಮಣಿ ಎಂದರೆ ಬೇಡಿದ್ದು ಕೊಡುವ ರತ್ನವಲ್ಲವೇ? ಕನ್ಯಾರಾಶಿಗೆ ಉಂಗುರದ ಬೆರಳಿಗೆ ಯಾವ ಕಲ್ಲು ಒಳ್ಳೆಯದು ಎಂದು ಕೇಳಿದಳು. "ನಮ್ಮ ಕಲ್ಲು ಬೆರಳ ಮೇಲೆ ಬಿದ್ರೆ ಬೆರಳೇ ಉಳಿಯಲ್ಲ ಕಣಮ್ಮ," ಎಂದು ನಲ್ಲಪ್ಪ ಆಣೆಗೂ ನಿಜವನ್ನೇ ಹೇಳಿದ.

ಹನ್ನೊಂದು ಗಂಟೆಗೆ ಬಾಗಿಲಲ್ಲಿ ಒಂದು ಜೀಪು ನಿಂತಿತು. ಬಿಳಿ ಅಂಗಿ, ಬಿಳಿ ಪಂಚೆ, ಬೆರಳಿಗೊಂದು ಉಂಗುರ. ರಸ್ತೆ ಕೆಲಸದ ಕಂಟ್ರಾಕ್ಟರ್ ಗಂಗುಲಪ್ಪ. ಸುತ್ತ ನೋಡಿ, ನಲ್ಲಪ್ಪನ ಕಿವಿಯ ಹತ್ತಿರ ಬಾಯಿ ತಂದ.

"ಇಂಟರ್‌ನೆಟ್‌ನಲ್ಲಿ ನೋಡಿದೆ. ಕಲ್ಲು ಉಂದಾ?"

ಗಂಗುಲಪ್ಪನ ಮನೆಮಾತು ತೆಲುಗು; ಉಂದಾ ಎಂದರೆ ಇದೆಯಾ ಎಂದು. ಆ ಮಾತಿನಲ್ಲಿ ಕಲ್ಲು ಎಂದರೆ ನಮ್ಮ ಕಳ್ಳು, ಈಚಲ ಮರದಿಂದ ಇಳಿಸುವ ಕಳ್ಳು. ಈ ಸೀಮೆಯಲ್ಲಿ ಅದನ್ನು ಸರ್ಕಾರ ನಿಲ್ಲಿಸಿ ವರ್ಷಗಳಾಗಿದ್ದವು, ಅದಕ್ಕೇ ಈ ಗುಟ್ಟು. ನಲ್ಲಪ್ಪನಿಗೆ ತೆಲುಗು ಬರುತ್ತಿತ್ತು. ಆದರೆ ಮೂರು ತಿಂಗಳಿಂದ ಗಿರಾಕಿಯ ಮುಖ ಕಾಣದವನ ಕಿವಿಗೆ ಕಲ್ಲು ಎಂದರೆ ಕಲ್ಲೇ.

"ಉಂದಿ ಸಾರ್! ಹಿತ್ತಲಲ್ಲಿ ಎಷ್ಟು ಬೇಕೋ ಅಷ್ಟು!"

"ಮೆಲ್ಲಗೆ ಮಾತಾಡಯ್ಯಾ. ಹೊಸದಾ, ಹಳೇದಾ?"

"ನಮ್ಮಪ್ಪನ ಕಾಲದ್ದೂ ಐತೆ. ಹಳೇದಾದಷ್ಟೂ ರುಚಿ ಜಾಸ್ತಿ."

ಗಂಗುಲಪ್ಪ ಬೆರಗಾದ. "ಅಪ್ಪನ ಕಾಲದ್ದಾ? ಇನ್ನೂ ಹುಳಿಯಾಗಿಲ್ವಾ?"

"ಹುಳಿ ಬಿದ್ರೆ ತೊಳೆದ್ರಾಯ್ತು ಸಾರ್. ಒಂದು ಸಲ ತಗೊಂಡ್ರೆ ಮೂರು ತಲೆಮಾರು ಇನ್ನೊಂದು ಕೇಳಲ್ಲ. ಹೆಂಗಸರಿಗಂತೂ ಬೆಳಿಗ್ಗೆ ಎದ್ದ ತಕ್ಷಣ ಇದೇ ಬೇಕು."

"ಹೆಂಗಸರೂನಾ! ಚಿಂತಾಮಣಿ ಭಲೇ ಊರಯ್ಯಾ," ಎಂದು ಗಂಗುಲಪ್ಪ ತಲೆದೂಗಿದ. "ಸರಿ, ಅರವತ್ತು ಕೊಡು. ಮೊಮ್ಮಗಳಿಗೆ ಹೆಸರಿಡೋ ಶಾಸ್ತ್ರ. ಸಾಯಂಕಾಲ ನಾಲ್ಕಕ್ಕೆ ದುರ್ಗದ ಕೆಳಗೆ ನನ್ನ ಮಾವಿನತೋಪಿಗೆ ತಂದುಬಿಡು. ಒಂದಕ್ಕೆ ಎಷ್ಟು?"

"ಮುನ್ನೂರು."

ಮಡಕೆಗೆ ಮುನ್ನೂರು ಹೆಚ್ಚಾಯಿತೆನಿಸಿದರೂ ಕಳ್ಳ ಮಾಲಿಗೆ ಚೌಕಾಸಿ ಮಾಡುವುದುಂಟೇ? "ಅಲ್ಲೇ ಕೈಗೆ ಕೊಡ್ತೀನಿ. ಬಟ್ಟೆ ಮುಚ್ಚಿ ತಗೊಂಬಾ," ಎಂದು ಜೀಪು ಹತ್ತಿದ.

ಅರವತ್ತು! ಇದ್ದದ್ದೇ ಅರವತ್ತು! ನಲ್ಲಪ್ಪ ಹಿತ್ತಲಲ್ಲಿ ಕುಣಿದ. ಶ್ಯಾಮಲಮ್ಮ ಮಿಕ್ಸಿ ನಿಲ್ಲಿಸಿ ಹೊರಗೆ ಬಂದು ಗಂಡನನ್ನು ಮೊದಲ ಸಲ ನೋಡಿದವಳಂತೆ ನೋಡಿದಳು. ಟ್ರಾಕ್ಟರ್ ಬಂತು, ಬೀದಿಯವರೆಲ್ಲ ಬಂದರು. ಕಲ್ಲಿಗೆ ಕೈ ಹಾಕಿದವರು ಆರು ಜನ, ಹೇಗೆ ಎತ್ತಬೇಕೆಂದು ಹೇಳಿದವರು ಇಪ್ಪತ್ತು ಜನ. ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಟಾರ್ಪಾಲು ಮುಚ್ಚಿ ನಲ್ಲಪ್ಪ ಹೊರಟ. ತಾವಿಟ್ಟ ಹೆಸರಿನ ಮೊದಲ ವ್ಯಾಪಾರ ನೋಡಲು ಮೇಷ್ಟ್ರೂ ಹತ್ತಿ ಕೂತರು.

ತೋಪಿನಲ್ಲಿ ಗಂಡಸರು ಹುರಿದ ಕಡಲೆಕಾಯಿಯೊಂದಿಗೆ ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಮುಂದೂ ಖಾಲಿ ಲೋಟ. ಟ್ರಾಕ್ಟರ್ ಕಂಡದ್ದೇ ಶಿಳ್ಳೆ, ಚಪ್ಪಾಳೆ. ಕಲ್ಲಿಗೆ ಇಂಥ ಸ್ವಾಗತವನ್ನು ನಲ್ಲಪ್ಪನ ಅಪ್ಪನೂ ಕಂಡಿರಲಿಲ್ಲ. ಅವನು ಹೆಮ್ಮೆಯಿಂದ ಟಾರ್ಪಾಲು ಎಳೆದ.

ಶಿಳ್ಳೆ ನಿಂತಿತು.

"ಏಮಯ್ಯಾ ಇದಿ?" ಎಂದ ಗಂಗುಲಪ್ಪ.

"ಕಲ್ಲು ಸಾರ್."

"ಕಲ್ಲು ಎಲ್ಲಯ್ಯಾ?"

"ಇವೇ ಸಾರ್. ಮುಟ್ಟಿ ನೋಡಿ, ಒಂದರಲ್ಲೂ ಬಿರುಕಿಲ್ಲ."

ಮೇಷ್ಟ್ರಿಗೆ ಥಟ್ಟನೆ ಹೊಳೆಯಿತು. ಹೊಳೆದ ಕೂಡಲೇ ಟ್ರಾಕ್ಟರಿನ ಹಿಂದೆ ಹೋಗಿ ನಿಂತರು. ಗಂಗುಲಪ್ಪನ ಮುಖ ಕೆಂಪಗಾಗಿ, ಆಮೇಲೆ ಕಪ್ಪಾಯಿತು. "ನಾನು ಕುಡಿಯೋ ಕಲ್ಲು ಕೇಳಿದ್ರೆ ರುಬ್ಬೋ ಕಲ್ಲು ತಂದಿದೀಯಲ್ಲೋ! ಅರವತ್ತು ಜನರ ಮುಂದೆ ನನ್ನ ಮರ್ಯಾದೆ…" ಎಂದು ಪಂಚೆ ಎತ್ತಿ ಕಟ್ಟಿದ. ಬಾಯಾರಿದ ಅರವತ್ತು ಜನರೂ ಎದ್ದು ನಿಂತರು. ನಲ್ಲಪ್ಪ ಮನೆದೇವರನ್ನು ನೆನೆಯುತ್ತಿರುವಾಗ, ತೋಪಿನ ಬೇಲಿ ದಾಟಿ ಪೊಲೀಸ್ ಜೀಪು ನುಗ್ಗಿತು.

ಊಟಕ್ಕೆ ಕರೆಯಲಿಲ್ಲವೆಂಬ ಸಿಟ್ಟಿಗೆ ಗಂಗುಲಪ್ಪನ ದಾಯಾದಿಯೊಬ್ಬ ಫೋನ್ ಮಾಡಿ ಹೇಳಿಬಿಟ್ಟಿದ್ದ, ತೋಪಿಗೆ ಕಳ್ಳು ಬರುತ್ತಿದೆ ಎಂದು.

"ಎಲ್ರೀ ಕಳ್ಳು?" ಸಬ್ ಇನ್ಸ್‌ಪೆಕ್ಟರು ಲಾಠಿ ತಟ್ಟಿದರು.

ಗಂಗುಲಪ್ಪ ಕಂಟ್ರಾಕ್ಟರ್ ಆದದ್ದು ಸುಮ್ಮನೆ ಅಲ್ಲ. ಎತ್ತಿ ಕಟ್ಟಿದ ಪಂಚೆ ಇಳಿಬಿಟ್ಟು, ನಲ್ಲಪ್ಪನ ಹೆಗಲ ಮೇಲೆ ಕೈ ಹಾಕಿದ. "ಯಾರೋ ತಪ್ಪು ಕೇಳಿಸ್ಕೊಂಡವ್ರೆ ಸಾರ್. ಕಳ್ಳಲ್ಲ, ಕಲ್ಲು! ಮೊಮ್ಮಗಳ ಹೆಸರಲ್ಲಿ ಬಂದೋರಿಗೆಲ್ಲ ತಾಂಬೂಲದ ಜತೆ ಒಂದೊಂದು ರುಬ್ಬೋ ಕಲ್ಲು. ನಮ್ಮ ನಲ್ಲಪ್ಪನವರೇ ಮಾಡಿದ್ದು."

"ಲೋಟಗಳು?"

"ಮಜ್ಜಿಗೆಗೆ ಸಾರ್."

ಸಬ್ ಇನ್ಸ್‌ಪೆಕ್ಟರು ಟ್ರಾಕ್ಟರನ್ನು ಒಂದು ಸುತ್ತು ಬಂದು, ಕುರ್ಚಿ ಹಾಕಿಸಿಕೊಂಡು ಕೂತರು. "ಒಳ್ಳೇ ಸಂಪ್ರದಾಯ. ನಡೀಲಿ, ನಾನೂ ನೋಡ್ತೀನಿ."

ಆಮೇಲೆ ನಡೆದದ್ದನ್ನು ಆ ಕಡೆಯ ಜನ ಇಂದಿಗೂ ಹೇಳಿಕೊಂಡು ನಗುತ್ತಾರೆ. ಅರವತ್ತು ನೆಂಟರು ಒಬ್ಬೊಬ್ಬರಾಗಿ ಬಂದು, ಎಲೆ ಅಡಿಕೆ ಕಿವಿಗೆ ಸಿಕ್ಕಿಸಿಕೊಂಡು, ಹಸುಗೂಸನ್ನು ಹರಸಿ, ಒಂದೊಂದು ಕಲ್ಲನ್ನು ತಬ್ಬಿಕೊಂಡು ಹೋದರು. ಕುಡಿಯದೆಯೇ ಎಲ್ಲರ ಹೆಜ್ಜೆಯೂ ಓಲಾಡುತ್ತಿತ್ತು. ಜೀಪು ಹೋದ ಮೇಲೆ ಗಂಗುಲಪ್ಪ ನಲ್ಲಪ್ಪನನ್ನು ಅಪ್ಪಿಕೊಂಡ. "ನೀನು ನಾನು ಕೇಳಿದ್ದೇ ತಂದಿದ್ರೆ ಈಗ ಸ್ಟೇಷನ್‌ನಲ್ಲಿ ಕೂತಿರ್ತಿದ್ದೆ ಕಣಪ್ಪಾ," ಎಂದು ಹದಿನೆಂಟು ಸಾವಿರವನ್ನು ಒಂದು ರೂಪಾಯಿ ಮುರಿಯದೆ ಕೊಟ್ಟು, ಬಾಳೆಲೆ ತುಂಬ ಊಟವನ್ನೂ ಹಾಕಿಸಿದ.

ಮರಳುವಾಗ ನಲ್ಲಪ್ಪ ಖಾಲಿ ಟ್ರಾಕ್ಟರಿನಲ್ಲಿ ಮಲಗಿ ಆಕಾಶ ನೋಡಿದ. ಗೆದ್ದಿದ್ದ. ಹಿತ್ತಲು ಖಾಲಿ, ಜೇಬು ತುಂಬ. ನಾಳೆಯೇ ಸೀಮೆಹಸು ನೋಡಲು ಹೋಗುವುದು, ಒಂದಕ್ಕೆ ಗೌರಿ ಎಂದು ಹೆಸರಿಡುವುದು. ಮೇಷ್ಟ್ರು ದಾರಿಯುದ್ದಕ್ಕೂ, "ಹೆಸರು ಇಟ್ಟೋನು ಯಾರು ಹೇಳು?" ಎಂದು ಕೇಳುತ್ತಲೇ ಇದ್ದರು.

ಬೀದಿಯ ತಿರುವಿನಲ್ಲಿ ಟ್ರಾಕ್ಟರ್ ನಿಲ್ಲಬೇಕಾಯಿತು. ಅವನ ಮನೆಯ ಮುಂದೆ ಒಂದು ಲಾರಿ ಅಡ್ಡ ನಿಂತಿತ್ತು. ಕೂಲಿಗಳು ಏನನ್ನೋ ಇಳಿಸುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಶ್ಯಾಮಲಮ್ಮ ಗಂಡನನ್ನು ಕಂಡದ್ದೇ ಓಡಿಬಂದಳು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ಅವನು ನೋಡಿರಲಿಲ್ಲ.

"ರೀ, ನಿಮ್ಮನ್ನ ದಡ್ಡ ಅಂತಿದ್ದೆ, ತಪ್ಪಾಯ್ತು! ನೀವು ಆ ಕಡೆ ಹೋಗಿದ್ದೇ ತಡ, ಫೋನೋ ಫೋನು. ಕಲ್ಲು, ಕಲ್ಲು, ಕಲ್ಲು! ಅರ್ಧ ತೆಲುಗು, ಅರ್ಧ ಕನ್ನಡ, ಏನೇನು ಕೇಳಿದ್ರೋ ನಂಗೆ ಸರಿಯಾಗಿ ತಿಳೀಲಿಲ್ಲ. ಎಲ್ಲಾರಿಗೂ ಐತೆ, ಬನ್ನಿ ಅಂದೆ. ನಾಳೆ ಮೂವತ್ತೊಂದು ಜನ ಬರ್ತಾವ್ರೆ!"

"ಇದು… ಈ ಲಾರಿ?"

"ಬಂದೋರಿಗೆ ಕೊಡೋಕೆ ಮನೇಲಿ ಏನೈತೆ ಹೇಳಿ? ಕೈವಾರದ ಕಡೆ ಮುನೇಶಪ್ಪ ಕಸುಬು ಬಿಡ್ತಾವ್ನಲ್ಲ, ಅವನ ಕಲ್ಲೆಲ್ಲಾ ಒಟ್ಟಿಗೇ ಹೊಡ್ಕೊಂಡ್ಬಿಟ್ಟೆ. ನೂರು ಕಲ್ಲು, ಒಂದಕ್ಕೆ ಬರೀ ನೂರಾ ಎಂಬತ್ತು. ನೀವು ಬಂದ ತಕ್ಷಣ ದುಡ್ಡು ಕೊಡ್ತೀರ ಅಂತ ಮಾತು ಕೊಟ್ಟಿದೀನಿ."

ಮೇಷ್ಟ್ರು ಬೆರಳು ಮಡಿಚಿ ಲೆಕ್ಕ ಹಾಕಿ, "ಸರಿಯಾಗಿ ಹದಿನೆಂಟು ಸಾವಿರ," ಎಂದು ಹೇಳಿ, ಇನ್ನು ಇಲ್ಲಿರುವುದು ಕ್ಷೇಮವಲ್ಲವೆಂದು ಮನೆಗೆ ನಡೆದರು.

ಲಾರಿಯವನು ಕೈ ಚಾಚಿ ನಿಂತಿದ್ದ. ಹಿತ್ತಲು ತುಂಬಿ, ಕಲ್ಲುಗಳು ಜಗಲಿಯವರೆಗೂ ಬಂದಿದ್ದವು. ಒಂದು ಮಾತ್ರ ಬಾಗಿಲ ಹೊಸ್ತಿಲಲ್ಲೇ ಕೂತು ನಲ್ಲಪ್ಪನನ್ನು ನೋಡುತ್ತಿತ್ತು. ಅವನು ನಿಧಾನವಾಗಿ ಜೇಬಿಗೆ ಕೈ ಹಾಕಿದ.

"ಯಾಕ್ರೀ ಮಾತೇ ಆಡ್ತಿಲ್ಲ?" ಶ್ಯಾಮಲಮ್ಮ ಅವನ ತೋಳು ಹಿಡಿದು ನಕ್ಕಳು. "ಖುಷಿಗೆ ಬಾಯೇ ಕಟ್ಟಿಹೋಯ್ತಾ?"